ಮೇಲೆ ಯಾವುದು, ಕೆಳಗೆ ಯಾವುದು: ಕತ್ತಲ ಸಮುದ್ರದ ಮೇಲೆ ಪೈಲಟ್‌ಗೆ ಅಂದಾಜು ತಪ್ಪುವುದು ಹೇಗೆ

ಅಮಾವಾಸ್ಯೆಗೆ ಇನ್ನೆರಡು ದಿನ ಇತ್ತು. ಭಾಲ್ಕಿ ಕಡೆ ಒಂದು ಮದುವೆ ಮುಗಿಸಿಕೊಂಡು ಬೀದರ್‌ಗೆ ವಾಪಸ್ ಬರುತ್ತಿದ್ದೆವು. ಕಾರಂಜಾ ಹಿನ್ನೀರಿನ ಹತ್ತಿರ ಗಾಡಿ ನಿಲ್ಲಿಸಿದೆವು. ಕರೆಂಟ್ ಹೋಗಿತ್ತು. ಆಚೆ ದಡದಲ್ಲಿ ಒಂದೂ ದೀಪ ಇರಲಿಲ್ಲ. ಗಾಡಿಯ ಲೈಟ್ ಆರಿಸಿದ ಮೇಲೆ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅನ್ನೋದೇ ತಿಳಿಯಲಿಲ್ಲ. ಮೇಲೂ ಚುಕ್ಕಿ, ಕೆಳಗೂ ಚುಕ್ಕಿ. ನಮ್ಮಕ್ಕನ ಮಗಳು ಹತ್ತನೇ ಕ್ಲಾಸು ಓದುತ್ತಾಳೆ. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದಳು. ಆಮೇಲೆ, "ಮಾಮಾ, ಇಂಥಾ ಕತ್ತಲದಾಗ ವಿಮಾನ ನಡಸೋರಿಗೆ ಮ್ಯಾಗ ಯಾವ್ದು, ತೆಳಗ ಯಾವ್ದು ಹ್ಯಾಂಗ ಗೊತ್ತಾಗ್ತದ?" ಅಂತ ಕೇಳಿದಳು.

ಬೀದರ್‌ನಲ್ಲಿ ಬೆಳೆದ ಮಕ್ಕಳಿಗೆ ಈ ಪ್ರಶ್ನೆ ಬರುವುದು ಸಹಜ. ನಮ್ಮ ಊರ ಮೇಲೆ ವಾಯುಪಡೆಯ ಹಾಕ್ ವಿಮಾನಗಳು ಹಾರುತ್ತವೆ. ಫೈಟರ್ ಪೈಲಟ್ ಆಗುವ ಹುಡುಗರು ಇಲ್ಲೇ ಕಲಿಯುತ್ತಾರೆ. ಸೂರ್ಯಕಿರಣ್ ತಂಡದ ಮನೆಯೂ ಇದೇ ಊರು. ಅವರು ತಲೆಕೆಳಗಾಗಿ ಹಾರಿದ್ದನ್ನು ನಾವು ಮಾಳಿಗೆ ಮೇಲೆ ನಿಂತು ನೋಡಿದ್ದೇವೆ. ಹಾಗಾಗಿ ಪೈಲಟ್ ಅಂದರೆ ಆಕಾಶದಲ್ಲಿ ತನ್ನ ಮೈಯನ್ನು ಎಲ್ಲೆಲ್ಲಿ ಹೇಗೆ ಇಟ್ಟಿದ್ದೇನೆ ಅಂತ ಪೂರಾ ಗೊತ್ತಿರುವವನು ಅಂತಲೇ ನಾವು ನಂಬಿರುತ್ತೇವೆ.

"ಅವರ ಮುಂದ ಮೀಟರ್ ಇರ್ತಾವ್ ಅವ್ವಾ, ನೋಡ್ಕೋತಾರ" ಅಂದೆ. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧ ಹೇಳಬೇಕಾದರೆ 1978ರ ಒಂದು ರಾತ್ರಿಗೆ ಹೋಗಬೇಕು.

ಆ ವರ್ಷದ ಜನವರಿ 1. ಮುಂಬೈಯ ಸಾಂತಾಕ್ರೂಜ್ ನಿಲ್ದಾಣದಿಂದ ಏರ್ ಇಂಡಿಯಾದ 855ನೇ ನಂಬರಿನ ವಿಮಾನ ದುಬೈಗೆ ಹೊರಟಿತ್ತು. ಬೋಯಿಂಗ್ 747. ಹೆಸರು ಎಂಪರರ್ ಅಶೋಕ. ಏರ್ ಇಂಡಿಯಾ ತರಿಸಿಕೊಂಡ ಮೊದಲ ಜಂಬೋ ಜೆಟ್ ಅದು, 1971ರಲ್ಲಿ ಬಂದಿತ್ತು. ಒಳಗೆ 190 ಪ್ರಯಾಣಿಕರು, 23 ಸಿಬ್ಬಂದಿ. ಹುಣ್ಣಿಮೆ ಕಳೆದು ಒಂದು ವಾರವಾಗಿತ್ತು, ಚಂದ್ರ ಹುಟ್ಟಲು ಇನ್ನೂ ಹೊತ್ತಿತ್ತು. ರಾತ್ರಿ ಎಂಟೂ ಮುಕ್ಕಾಲರ ಸುಮಾರಿಗೆ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ನೆಲ ಬಿಟ್ಟಿತು. ಕೆಲವೇ ಕ್ಷಣದಲ್ಲಿ ಮುಂಬೈಯ ದೀಪಗಳೆಲ್ಲ ಹಿಂದೆ ಉಳಿದವು. ಮುಂದೆ ಅರಬ್ಬಿ ಸಮುದ್ರ, ಅದರ ಮೇಲೆ ಕತ್ತಲು.

ನೆಲ ಬಿಟ್ಟ 101ನೇ ಸೆಕೆಂಡಿಗೆ ಅದು ಬಾಂದ್ರಾ ದಡದಿಂದ ಸುಮಾರು 3 ಕಿಲೋಮೀಟರ್ ಆಚೆ ಸಮುದ್ರಕ್ಕೆ ಬಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೊದಮೊದಲು ಬಾಂಬ್ ಇರಬಹುದು ಅಂತ ಅನುಮಾನ ಬಂತು. ಆದರೆ ಸಮುದ್ರದ ತಳದಿಂದ ತೆಗೆದ ದಾಖಲೆ ಪೆಟ್ಟಿಗೆಗಳು ಬೇರೆಯದೇ ಕತೆ ಹೇಳಿದವು. ಎಂಜಿನ್ ಓಡುತ್ತಿದ್ದವು. ರೆಕ್ಕೆ ಮುರಿದಿರಲಿಲ್ಲ. ವಿಮಾನ ದಡ ದಾಟಿ ಬಲಕ್ಕೆ ಸ್ವಲ್ಪ ವಾಲಿ ತಿರುಗಿತು, ಮತ್ತೆ ಸಮವಾಯಿತು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಎಡಕ್ಕೆ ವಾಲತೊಡಗಿತು. ವಾಲುತ್ತಾ ವಾಲುತ್ತಾ ರೆಕ್ಕೆ ನೆಟ್ಟಗೆ ನಿಂತಿತು, ಅದನ್ನೂ ದಾಟಿ 108 ಡಿಗ್ರಿಗೆ ಹೋಯಿತು. 90 ಡಿಗ್ರಿ ದಾಟಿತು ಅಂದರೆ ಅಂಬಾರಿಯಂಥ ಆ ವಿಮಾನ ಅರ್ಧ ಮಗುಚಿಕೊಂಡಿತ್ತು. ಮೂಗು ಕೆಳಗಾಗಿ ಇಳಿಯಿತು. ಹಾರಿಸುತ್ತಿದ್ದ ಕ್ಯಾಪ್ಟನ್ ಹೊಸಬರಲ್ಲ. ಎರಡು ದಶಕಕ್ಕಿಂತ ಜಾಸ್ತಿ ಅನುಭವ ಇದ್ದವರು. ಕೊನೆಯವರೆಗೂ ಅವರು ವಿಮಾನವನ್ನು ಸಮ ಮಾಡಲೆಂದೇ ಎಡಕ್ಕೆ ತಿರುಗಿಸುತ್ತಿದ್ದರು.

ಈ ಕೊನೆಯ ಮಾತನ್ನು ಅರ್ಥ ಮಾಡಿಕೊಳ್ಳದೆ ಬಹಳ ಜನ "ಪೈಲಟ್ ತಪ್ಪು" ಅಂದು ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಬೀದರ್, ಹುಮನಾಬಾದ್, ಬಸವಕಲ್ಯಾಣದಿಂದ ದುಬೈ, ದಮ್ಮಾಮ್ ಕಡೆ ದುಡಿಯಲು ಹೋದವರು ಎಷ್ಟೋ ಮನೆಗಳಲ್ಲಿದ್ದಾರೆ. ಅವರು ಹೋಗುವುದು, ಬರುವುದು ಹೆಚ್ಚಾಗಿ ರಾತ್ರಿ ವಿಮಾನದಲ್ಲಿ, ಇದೇ ಸಮುದ್ರದ ಮೇಲೆ. ಅವರನ್ನು ಹೊತ್ತೊಯ್ಯುವ ಪೈಲಟ್‌ನ ಮೈಯೊಳಗೆ ಏನು ನಡೆಯುತ್ತದೆ ಅಂತ ನಮಗೆ ತಿಳಿದಿರಬೇಕು.

ಮೊದಲು ಅಡುಗೆಮನೆಯಿಂದ ಶುರು ಮಾಡೋಣ. ಒಂದು ಅಗಲ ಬಟ್ಟಲಿಗೆ ನೀರು ಹಾಕಿ. ಮೇಲೆ ಚಿಟಿಕೆ ಅರಿಶಿನ ಉದುರಿಸಿ. ಈಗ ಬಟ್ಟಲನ್ನು ಇದ್ದಲ್ಲೇ ಒಂದೇ ಸಮನೆ ತಿರುಗಿಸಿ. ಬಟ್ಟಲು ತಿರುಗುತ್ತದೆ, ಅರಿಶಿನ ಮೊದಲಿಗೆ ಇದ್ದಲ್ಲೇ ಇರುತ್ತದೆ. ನೀರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ತಿರುಗಿಸುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ನೀರೂ ಬಟ್ಟಲಿನ ವೇಗಕ್ಕೆ ಬಂದುಬಿಡುತ್ತದೆ, ಎರಡೂ ಒಟ್ಟಿಗೆ ಸುತ್ತುತ್ತವೆ. ಈಗ ಬಟ್ಟಲನ್ನು ಗಪ್ಪನೆ ಹಿಡಿದು ನಿಲ್ಲಿಸಿ. ಬಟ್ಟಲು ನಿಂತಿತು. ಅರಿಶಿನ ಮಾತ್ರ ಸುತ್ತುತ್ತಲೇ ಇದೆ.

ನಮ್ಮ ಕಿವಿಯೊಳಗೆ, ಕೇಳಿಸುವ ಭಾಗದ ಪಕ್ಕದಲ್ಲೇ, ಇಂಥ ಬಟ್ಟಲು ಮೂರಿವೆ. ನಿಜಕ್ಕೂ ಅವು ಬಟ್ಟಲಲ್ಲ, ಅರ್ಧಚಂದ್ರದ ಹಾಗೆ ಬಾಗಿದ ಸಣ್ಣ ಕೊಳವೆಗಳು. ಒಳಗೆ ನೀರಿನಂಥ ದ್ರವ. ಮೂರೂ ಮೂರು ದಿಕ್ಕಿಗೆ ನಿಂತಿವೆ: ಒಂದು ಹೌದು ಅಂತ ತಲೆ ಆಡಿಸಿದ್ದನ್ನು ಹಿಡಿಯುತ್ತದೆ, ಒಂದು ಅಲ್ಲ ಅಂತ ಆಡಿಸಿದ್ದನ್ನು, ಇನ್ನೊಂದು ಭುಜದ ಕಡೆ ವಾಲಿಸಿದ್ದನ್ನು. ತಲೆ ತಿರುಗಿದಾಗ ಕೊಳವೆ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ, ಒಳಗಿನ ಕೂದಲಿನಂಥ ಎಳೆಗಳು ಬಾಗುತ್ತವೆ. ಆ ಬಾಗುವಿಕೆಯೇ ಮಿದುಳಿಗೆ ಹೋಗುವ ಸುದ್ದಿ.

ನಡೆಯುವಾಗ, ಓಡುವಾಗ, ಮರ ಹತ್ತುವಾಗ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನೆಲದ ಮೇಲೆ ಯಾರೂ ಅರ್ಧ ನಿಮಿಷ ಒಂದೇ ಸಮ ತಿರುಗುವುದಿಲ್ಲ ನೋಡಿ. ವಿಮಾನ ಹಾಗಲ್ಲ. ಒಂದೇ ಹದದಲ್ಲಿ ಅರ್ಧ ನಿಮಿಷ, ಒಂದು ನಿಮಿಷ ತಿರುಗುತ್ತಲೇ ಇರಬಹುದು. ಹತ್ತಿಪ್ಪತ್ತು ಸೆಕೆಂಡ್ ಆಗುವಷ್ಟರಲ್ಲಿ ಕಿವಿಯ ದ್ರವವೂ ಜೊತೆಗೆ ಸುತ್ತತೊಡಗುತ್ತದೆ, ಎಳೆಗಳು ನೆಟ್ಟಗಾಗುತ್ತವೆ. ಆಗ ಮಿದುಳಿಗೆ ಬರುವ ಸುದ್ದಿ: ನಾವು ನೇರ ಹೋಗುತ್ತಿದ್ದೇವೆ. ತಿರುಗುವುದನ್ನು ನಿಲ್ಲಿಸಿದರೆ ಇನ್ನೊಂದು ಸುದ್ದಿ: ನಾವು ಈಗ ಉಲ್ಟಾ ತಿರುಗುತ್ತಿದ್ದೇವೆ. ಎರಡೂ ಸುಳ್ಳು. ಆದರೆ ಎರಡೂ ನಿಜದಷ್ಟೇ ಗಟ್ಟಿ.

ಕಾರಂಜಾದಿಂದ ಬಂದ ಮರುದಿನ ಇದನ್ನು ಮನೆಯಲ್ಲೇ ಮಾಡಿ ನೋಡಿದೆವು. ತಿರುಗುವ ಕುರ್ಚಿಯಲ್ಲಿ ಹುಡುಗಿಯನ್ನು ಕೂರಿಸಿ ಕಣ್ಣಿಗೆ ಟವೆಲ್ ಕಟ್ಟಿದೆ. ಯಾವ ಕಡೆ ತಿರುಗುತ್ತಿದ್ದೀಯೋ ಆ ಕಡೆ ಹೆಬ್ಬೆರಳು ತೋರಿಸು ಅಂದೆ. ಸಣ್ಣಗೆ, ಒಂದೇ ಸಮನೆ ಬಲಕ್ಕೆ ತಿರುಗಿಸಿದೆ. ಹೆಬ್ಬೆರಳು ಬಲಕ್ಕೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಬೆರಳು ನಿಧಾನಕ್ಕೆ ನಡುವಿಗೆ ಬಂತು, "ನಿಂತದ" ಅಂದಳು. ಕುರ್ಚಿ ಇನ್ನೂ ತಿರುಗುತ್ತಿತ್ತು. ಹಿಡಿದು ನಿಲ್ಲಿಸಿದೆ. ತಕ್ಷಣ ಬೆರಳು ಎಡಕ್ಕೆ ಹೋಯಿತು. "ಈಗ ಈ ಕಡಿ ತಿರಗಸ್ಲತ್ತಿ ಮಾಮಾ" ಅಂದಳು. ಟವೆಲ್ ಬಿಚ್ಚಿದಾಗ ಅವಳ ಮುಖ ನೋಡಬೇಕಿತ್ತು. ನಿಂತ ಕುರ್ಚಿ, ಎದುರಿಗೆ ಅವಳ ಅವ್ವ. ಅವಳಿಗೆ ತನ್ನ ಮೈ ಮೇಲೇ ಸಿಟ್ಟು ಬಂದಿತ್ತು. ನೀವು ಮಾಡುವುದಾದರೆ ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲಿ, ಬೀಳುವ ಸಾಧ್ಯತೆ ಇದೆ.

ಇದೇ ಥರದ ಕುರ್ಚಿ ವಿಮಾನದ ಚರಿತ್ರೆಯನ್ನೇ ಬದಲಿಸಿತು. 1926ರಲ್ಲಿ ಅಮೆರಿಕದ ಸೇನೆಯ ಪೈಲಟ್ ವಿಲಿಯಂ ಆಕರ್ ವೈದ್ಯಕೀಯ ಪರೀಕ್ಷೆಗೆ ಹೋದಾಗ ವೈದ್ಯರು ಅವರನ್ನು ಕಣ್ಣು ಮುಚ್ಚಿಸಿ ಕುರ್ಚಿಯಲ್ಲಿ ತಿರುಗಿಸಿದರು. ಎಷ್ಟೋ ವರ್ಷ ಹಾರಿದ್ದ ಆಕರ್ ಕೂಡ ದಿಕ್ಕು ತಪ್ಪಾಗಿ ಹೇಳಿದರು. ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ. ತಿರುವನ್ನು ತೋರಿಸುವ ಒಂದು ಉಪಕರಣವನ್ನು ಬ್ಯಾಟರಿ ದೀಪದ ಜೊತೆ ಪೆಟ್ಟಿಗೆಯಲ್ಲಿಟ್ಟುಕೊಂಡು ಮತ್ತೆ ಬಂದರು. ಪೆಟ್ಟಿಗೆಯೊಳಗೆ ನೋಡುತ್ತಾ ಕೂತರು. ಈ ಸಲ ಒಂದೂ ತಪ್ಪಲಿಲ್ಲ. ಮೈ ಹೇಳಿದ್ದನ್ನು ಪಕ್ಕಕ್ಕಿಟ್ಟು ಉಪಕರಣ ಹೇಳಿದ್ದನ್ನು ನಂಬಿದರೆ ಮಾತ್ರ ಮೋಡದಲ್ಲಿ ಹಾರಬಹುದು ಅಂತ ತೋರಿಸಿದವರಲ್ಲಿ ಅವರು ಮೊದಲಿಗರು. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಕಾಕ್‌ಪಿಟ್‌ಗೆ ಮುಸುಕು ಹಾಕಿಸಿಕೊಂಡು, ಹೊರಗೆ ಏನೂ ನೋಡದೆ, ಬರೀ ಉಪಕರಣ ನೋಡಿಕೊಂಡು ಏರಿ, ಸುತ್ತಿ, ಇಳಿದು ತೋರಿಸಿದರು.

ಇನ್ನು ಕಿವಿಯ ಎರಡನೇ ಯಂತ್ರ. ಇದು ನಮ್ಮ ಕಡೆಯವರಿಗೆ ತುಂಬ ಹತ್ತಿರದ ವಸ್ತು. ಕಿವಿಯೊಳಗೆ ಅಂಟಂಟಾದ ಒಂದು ಹಾಸಿಗೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕೂತಿವೆ. ಆ ಹರಳು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಜಾತಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು, ಸೇಡಂ ಕಡೆ ಸಿಮೆಂಟ್‌ಗೆ ಅರೆಯುವ ಕಲ್ಲು ಯಾವುದೋ, ಮೂಲದಲ್ಲಿ ಅದೇ ವಸ್ತು ನಮ್ಮ ತಲೆಯೊಳಗೂ ಇದೆ. ತಲೆ ಬಗ್ಗಿಸಿದರೆ ಭಾರಕ್ಕೆ ಹರಳು ಜಾರುತ್ತವೆ, ಕೆಳಗಿನ ಎಳೆಗಳು ಬಾಗುತ್ತವೆ, ಮಿದುಳಿಗೆ ತಿಳಿಯುತ್ತದೆ. (ವಯಸ್ಸಾದವರು ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಮನೆಯೇ ತಿರುಗಿದಂತಾಗುತ್ತದೆ ಅನ್ನುತ್ತಾರಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಈ ಹರಳು ಜಾಗ ಬಿಟ್ಟು ಆ ಕೊಳವೆಯೊಳಗೆ ಸೇರಿಕೊಂಡಿರುವುದು. ಕಿವಿ ಡಾಕ್ಟರ್ ತಲೆಯನ್ನು ಕ್ರಮವಾಗಿ ಹೊರಳಿಸಿ ಅದನ್ನು ವಾಪಸ್ ಕಳಿಸುತ್ತಾರೆ. ನಮ್ಮವ್ವನಿಗೆ ಹಾಗೇ ವಾಸಿಯಾಯಿತು.)

ಗೌಂಡಿ ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾನೆ. ಈ ಹರಳು ನಮ್ಮ ತಲೆಯೊಳಗಿನ ಗುಂಡು. ಆದರೆ ಗೌಂಡಿಯ ಗುಂಡು ನಿಂತ ನೆಲದ ಮೇಲೆ ಮಾತ್ರ ನಿಜ ಹೇಳುತ್ತದೆ. ಬೇಕಾದರೆ ಕಲಬುರಗಿ ಬಸ್ಸು ಹತ್ತಿದಾಗ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಹಿಡಿದು ನೋಡಿ. ಬಸ್ಸು ನಿಂತಾಗ ದಾರ ನೆಟ್ಟಗೆ. ಡ್ರೈವರ್ ಜೋರಾಗಿ ಬಿಟ್ಟ ಕೂಡಲೇ ದಾರ ಹಿಂದಕ್ಕೆ ವಾಲುತ್ತದೆ, ವೇಗ ಹೆಚ್ಚುತ್ತಿರುವಷ್ಟು ಹೊತ್ತೂ ಹಾಗೇ ಇರುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ. ಈಗ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದಾರೆ, ನಿಮಗೆ ಆ ದಾರ ಬಿಟ್ಟು ಬೇರೇನೂ ಕಾಣುವುದಿಲ್ಲ ಅಂದುಕೊಳ್ಳಿ. ದಾರ ಹಿಂದಕ್ಕೆ ವಾಲಿದೆ. ಏನಂದುಕೊಳ್ಳುತ್ತೀರಿ? ಬಸ್ಸು ದಿಬ್ಬ ಹತ್ತುತ್ತಿದೆ ಅಂತ. ವೇಗ ಹೆಚ್ಚಿದ್ದಕ್ಕೂ, ಮುಂಭಾಗ ಮೇಲೆದ್ದದ್ದಕ್ಕೂ ಆ ಗುಂಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಿವಿಯ ಹರಳಿಗೂ ತಿಳಿಯುವುದಿಲ್ಲ.

ಬಸ್ಸಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. 2000ದ ಆಗಸ್ಟ್ 23ರ ರಾತ್ರಿ ಬಹರೈನ್‌ನಲ್ಲಿ ಇದರಿಂದ 143 ಜನ ಸತ್ತರು.

ಕೈರೋದಿಂದ ಬಂದ ಗಲ್ಫ್ ಏರ್‌ನ 072ನೇ ವಿಮಾನ, ಏರ್‌ಬಸ್ 320. ಇಳಿಯಲು ಬಂದಾಗ ವೇಗ ಜಾಸ್ತಿ ಇತ್ತು. ಒಂದು ಸುತ್ತು ಹಾಕಿ ಸರಿ ಮಾಡಿಕೊಳ್ಳಲು ನೋಡಿದರು, ಅದೂ ಸರಿಬರಲಿಲ್ಲ. ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ ಅಂತ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟರು. ಈ ನಿರ್ಧಾರ ಸರಿಯಾದದ್ದೇ. ಆ ಹೊತ್ತಿಗೆ ಊರಿನ ದೀಪಗಳು ಹಿಂದೆ ಸರಿದಿದ್ದವು, ಮುಂದೆ ಕಪ್ಪು ಕೊಲ್ಲಿ. ವಿಮಾನದ ವೇಗ ಏರುತ್ತಾ ಹೋಯಿತು. ಕಿವಿಯ ಹರಳು ಹಿಂದಕ್ಕೆ ಜಾರಿದವು. ವಿಮಾನದ ಮೂಗು ಬಹಳ ಮೇಲೆದ್ದಿದೆ ಅಂತ ಕ್ಯಾಪ್ಟನ್‌ನ ಮೈ ಹೇಳಿರಬೇಕು. ಅವರು ಮೂಗನ್ನು ಕೆಳಗೆ ಒತ್ತಿದರು. ಒತ್ತಿದ ಮೇಲೆ ವೇಗ ಇನ್ನೂ ಏರಿತು, ಅದರಿಂದ ಮೂಗು ಮೇಲಿದೆ ಅನ್ನುವ ಭ್ರಮೆ ಇನ್ನೂ ಗಟ್ಟಿಯಾಯಿತು. ನೆಲ ಹತ್ತಿರವಾಗಿದೆ, ಮೇಲೆಳೆ ಅಂತ ಯಂತ್ರ ಕೂಗುತ್ತಲೇ ಇತ್ತು. ತನಿಖೆ ಮಾಡಿದವರು ಕಾರಣಗಳ ಪಟ್ಟಿಯಲ್ಲಿ ಈ ಭ್ರಮೆಯನ್ನು ಸ್ಪಷ್ಟವಾಗಿ ಹೆಸರಿಸಿದರು.

ಕೆಳಗೆ ಒತ್ತಿದಷ್ಟೂ ಇನ್ನೂ ಒತ್ತಬೇಕು ಅನ್ನಿಸುವುದು, ಇದೇ ಇದರ ಭಯಂಕರ. ತಪ್ಪು ಮಾಡಿದವನಿಗೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಇಲ್ಲಿ ಹಾಗೆ ಅನ್ನಿಸುವುದೇ ಇಲ್ಲ.

ಹಾಗಾದರೆ ಹಗಲು ಯಾಕೆ ಹೀಗಾಗುವುದಿಲ್ಲ? ಹಗಲೂ ಕಿವಿ ಇದೇ ಸುಳ್ಳು ಹೇಳುತ್ತದೆ. ಆದರೆ ಕಣ್ಣು ಅದನ್ನು ತಿದ್ದುತ್ತದೆ. ದೂರದ ಗೆರೆ, ಭೂಮಿ ಆಕಾಶ ಕೂಡುವ ಜಾಗ ಒಂದು ಕಂಡರೆ ಸಾಕು, ಮಿದುಳು ಕಿವಿಯ ಮಾತನ್ನು ಪಕ್ಕಕ್ಕೆ ತಳ್ಳುತ್ತದೆ. ಮೇಲು ಕೆಳಗು ತೀರ್ಮಾನಿಸುವುದರಲ್ಲಿ ಕಣ್ಣೇ ಯಜಮಾನ. ಎಷ್ಟರ ಮಟ್ಟಿಗೆ ಅಂದರೆ, ವಾಡಿ ಜಂಕ್ಷನ್‌ನಲ್ಲಿ ನಮ್ಮ ರೈಲು ನಿಂತಿರುವಾಗ ಪಕ್ಕದ ಹಳಿಯ ರೈಲು ಹೊರಟರೆ ನಾವೇ ಹಿಂದಕ್ಕೆ ಹೋದ ಹಾಗಾಗುತ್ತದೆ, ಅಲ್ವಾ? ಕಿವಿ ನಿಂತಿದ್ದೇವೆ ಅನ್ನುತ್ತದೆ, ಕಣ್ಣು ಹೊರಟೆವು ಅನ್ನುತ್ತದೆ, ನಾವು ಕಣ್ಣಿನ ಮಾತು ಕೇಳಿ ಕಂಬಿ ಹಿಡಿದುಕೊಳ್ಳುತ್ತೇವೆ.

ರಾತ್ರಿ ಹೊತ್ತು ನಮ್ಮ ದಖ್ಖನ್ ಬಯಲಿನ ಮೇಲೆ ಹಾರಿದರೆ ಕೆಳಗೆ ಏನಾದರೂ ಒಂದು ಕಾಣುತ್ತದೆ. ಊರು, ಡಾಬಾ, ಹೈವೇ ಮೇಲಿನ ಲಾರಿ ಸಾಲು. ಸಮುದ್ರದ ಮೇಲೆ ಅದೂ ಇಲ್ಲ. ಇದ್ದರೂ ಮೀನು ದೋಣಿಯ ನಾಲ್ಕು ದೀಪ. ಅದನ್ನು ಚುಕ್ಕಿ ಅಂದುಕೊಂಡು, ಅದು ತಮ್ಮ ಮೇಲೆಯೇ ಇರಲಿ ಅಂತ ವಿಮಾನವನ್ನು ವಾಲಿಸಿದ ಪೈಲಟ್‌ಗಳಿದ್ದಾರೆ. ಕರಾವಳಿ ನಿಲ್ದಾಣಗಳಿಂದ ರಾತ್ರಿ ಏರುವಾಗ ಇನ್ನೊಂದು ಕಷ್ಟ. ಇಡೀ ಊರಿನ ದೀಪ ಕಣ್ಣಿಗೆ ತುಂಬಿರುತ್ತದೆ, ಮರುಕ್ಷಣ ಏನೂ ಇಲ್ಲ. 2004ರ ಜನವರಿ 3ರ ನಸುಕಿನಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಿಂದ ಏರಿದ ಫ್ಲಾಶ್ ಏರ್‌ಲೈನ್ಸ್ ವಿಮಾನ ಹೀಗೇ ಕೆಂಪು ಸಮುದ್ರಕ್ಕೆ ಬಿತ್ತು, 148 ಜನ ಹೋದರು. 2010ರ ಜನವರಿ 25ರ ರಾತ್ರಿ ಬೈರೂತ್‌ನಿಂದ ಏರಿದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದು 90 ಜನ ಸತ್ತರು. ಈ ಎರಡರ ಕಾರಣದ ಬಗ್ಗೆ ತನಿಖೆಗೆ ಸೇರಿದ ದೇಶಗಳಲ್ಲೇ ಜಗಳ ಆಯಿತು. ಆದರೆ ನೆಲದಿಂದ ಏರಿದ ಕೆಲವೇ ನಿಮಿಷ, ಎದುರಿಗೆ ಕತ್ತಲ ನೀರು, ಕೈಯಲ್ಲಿ ಹಾರಿಸುತ್ತಿರುವ ಪೈಲಟ್, ಇಷ್ಟು ಎರಡರಲ್ಲೂ ಇತ್ತು.

ಇನ್ನೊಂದು ಮಾತು ಹೇಳಲೇಬೇಕು. ವಿಮಾನ ವಾಲಿದ್ದು ಒಳಗೆ ಕೂತವರಿಗೆ ಯಾಕೆ ತಿಳಿಯುವುದಿಲ್ಲ? ಒಂದು, ಬಹಳ ನಿಧಾನಕ್ಕೆ ವಾಲಿದರೆ, ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ಕಡಿಮೆ ಇದ್ದರೆ, ಅದು ಕಿವಿಗೆ ತಿಳಿಯುವುದೇ ಇಲ್ಲ. ಹತ್ತು ಸೆಕೆಂಡ್ ಮ್ಯಾಪ್ ನೋಡಿ ತಲೆ ಎತ್ತುವಷ್ಟರಲ್ಲಿ ವಿಮಾನ 15 ಡಿಗ್ರಿ ವಾಲಿರಬಹುದು, ಮೈಗೆ ಗೊತ್ತೇ ಇರುವುದಿಲ್ಲ. ಆಮೇಲೆ ಪೈಲಟ್ ಮೀಟರ್ ನೋಡಿ ಗಬಕ್ಕನೆ ಸಮ ಮಾಡಿದರೆ, ಆ ಚಲನೆ ಮಾತ್ರ ಕಿವಿಗೆ ತಿಳಿಯುತ್ತದೆ. ಈಗ ವಿಮಾನ ಸಮ, ಮೈಗೆ ಮಾತ್ರ ಇನ್ನೊಂದು ಕಡೆ ವಾಲಿದ ಹಾಗೆ. ಎಷ್ಟೋ ಪೈಲಟ್‌ಗಳು ಆಗ ಕೂತಲ್ಲೇ ಒಂದು ಮಗ್ಗುಲಿಗೆ ಬಾಗಿಕೊಂಡು ಹಾರಿಸುತ್ತಾರೆ. ಎರಡು, ಸರಿಯಾಗಿ ಮಾಡಿದ ತಿರುವಿನಲ್ಲಿ ಭಾರ ಸೀಟಿನ ಕಡೆಗೇ ಬೀಳುತ್ತದೆ, ಪಕ್ಕಕ್ಕಲ್ಲ. ವಿಮಾನ ವಾಲಿ ತಿರುಗುವಾಗ ನಿಮ್ಮ ಮುಂದಿನ ಲೋಟದ ನೀರು ನೋಡಿ, ಲೋಟಕ್ಕೆ ಸಮವಾಗೇ ಇರುತ್ತದೆ.

ಆದ್ದರಿಂದಲೇ ಗೌಂಡಿಯ ರಸಮಟ್ಟವನ್ನು ವಿಮಾನದಲ್ಲಿಟ್ಟರೂ ಉಪಯೋಗವಿಲ್ಲ, ಅದೂ ಲೋಟದ ನೀರಿನ ಹಾಗೇ ಮೋಸ ಹೋಗುತ್ತದೆ. ಅಲ್ಲಿ ಬೇಕಾದದ್ದು ಬುಗುರಿ. ಜೋರಾಗಿ ತಿರುಗುವ ಬುಗುರಿ ತನ್ನ ದಿಕ್ಕು ಬಿಡುವುದಿಲ್ಲ. ಆ ಗುಣದ ಮೇಲೆ ಮಾಡಿದ ಉಪಕರಣವೇ ಆಟಿಟ್ಯೂಡ್ ಇಂಡಿಕೇಟರ್. ಮೇಲೆ ನೀಲಿ, ಅದು ಆಕಾಶ. ಕೆಳಗೆ ಕಂದು, ಅದು ನೆಲ. ನಡುವೆ ಒಂದು ಗೆರೆ, ಅದರ ಮೇಲೆ ವಿಮಾನದ ಪುಟ್ಟ ಗುರುತು. ಹೊರಗಿನ ದಿಗಂತ ಕಾಣದಿದ್ದಾಗ ಪೈಲಟ್‌ಗೆ ಇದೇ ದಿಗಂತ.

ಈ ಉಪಕರಣ ನೋಡಿ ಹಾರುವುದನ್ನು ಕಲಿಯದವರ ಗತಿ ಏನಾಗುತ್ತದೆ ಅಂತ 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರು. 20 ಜನ ಹೊಸ ಪೈಲಟ್‌ಗಳನ್ನು ಒಬ್ಬೊಬ್ಬರಾಗಿ ಹಾರಿಸಿ, ಹೊರಗಿನದು ಕಾಣದ ಹಾಗೆ ಮಾಡಿದರು. ಪಕ್ಕದಲ್ಲಿ ಕಲಿಸುವವರು ಇದ್ದರು, ಹಾಗಾಗಿ ಯಾರಿಗೂ ಅಪಾಯ ಆಗಲಿಲ್ಲ. 20ಕ್ಕೆ 20 ಜನರೂ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸುತ್ತುತ್ತಾ ಇಳಿಯುವ ಸುಳಿಗೆ ಬಿದ್ದರು. ಗೊತ್ತಿಲ್ಲದೆ ವಿಮಾನ ವಾಲುತ್ತದೆ, ವಾಲಿದ ವಿಮಾನ ಎತ್ತರ ಕಳೆದುಕೊಳ್ಳುತ್ತದೆ, ಪೈಲಟ್ ನೇರ ಇಳಿಯುತ್ತಿದ್ದೇನೆ ಅಂದುಕೊಂಡು ಮೂಗನ್ನು ಮೇಲೆಳೆಯುತ್ತಾನೆ, ವಾಲಿದಲ್ಲೇ ಎಳೆದದ್ದರಿಂದ ಸುತ್ತು ಇನ್ನೂ ಬಿಗಿಯಾಗುತ್ತದೆ.

ಈಗ ಮತ್ತೆ ಎಂಪರರ್ ಅಶೋಕಕ್ಕೆ ಬರುತ್ತೇನೆ. ನಾನು ಹುಡುಗಿಗೆ ಹೇಳಿದ ಅರ್ಧ ಉತ್ತರ ಮುರಿಯುವುದು ಅಲ್ಲೇ.

ಆ ಕ್ಯಾಪ್ಟನ್‌ಗೆ ಉಪಕರಣ ನಂಬುವುದು ಗೊತ್ತಿತ್ತು. ಅವರು ಮೈಯನ್ನಲ್ಲ, ಉಪಕರಣವನ್ನೇ ನಂಬಿದ್ದರು. ಕೆಟ್ಟಿದ್ದು ಆ ಉಪಕರಣ. ವಿಮಾನ ಬಲಕ್ಕೆ ವಾಲಿ, ತಿರುಗಿ, ಮತ್ತೆ ಸಮವಾದಾಗ ಅವರ ಮುಂದಿನ ಆಟಿಟ್ಯೂಡ್ ಇಂಡಿಕೇಟರ್ ಸಮಕ್ಕೆ ವಾಪಸ್ ಬರಲಿಲ್ಲ. ಬಲಕ್ಕೆ ವಾಲಿದ್ದನ್ನೇ ತೋರಿಸುತ್ತಾ ಉಳಿಯಿತು. ಮೀಟರ್ ಬಲ ಅಂದರೆ ಪೈಲಟ್ ಎಡಕ್ಕೆ ತಿರುಗಿಸಬೇಕು. ಅವರು ತಿರುಗಿಸಿದರು. ಮೀಟರ್ ಬದಲಾಗಲಿಲ್ಲ. ಇನ್ನಷ್ಟು ತಿರುಗಿಸಿದರು. ಹೊರಗೆ ನೋಡಿ ತಿದ್ದಿಕೊಳ್ಳೋಣ ಅಂದರೆ ಗಾಜಿನಾಚೆ ಕಾರಂಜಾದಲ್ಲಿ ನಾವು ಕಂಡಂಥದ್ದೇ ಕತ್ತಲು, ಅದರ ಸಾವಿರ ಪಟ್ಟು. ಮೈಯನ್ನು ಕೇಳೋಣ ಅಂದರೆ ಅದಕ್ಕೂ ವಾಲಿದ್ದು ಸರಿಯಾಗಿ ತಿಳಿಯುತ್ತಿಲ್ಲ. ಹಗಲಾಗಿದ್ದರೆ, ನಾಲ್ಕು ದೀಪ ಇದ್ದಿದ್ದರೆ, ಒಂದು ಸಲ ತಲೆ ಎತ್ತಿ ನೋಡಿ ಈ ಮೀಟರ್ ಕೆಟ್ಟಿದೆ ಅಂತ ಮುಗಿದುಹೋಗುತ್ತಿತ್ತು.

ಕಾಕ್‌ಪಿಟ್‌ನಲ್ಲಿ ಅಂಥ ಉಪಕರಣ ಒಂದಲ್ಲ, ಮೂರಿದ್ದವು. ಕ್ಯಾಪ್ಟನ್ ಮುಂದೆ ಒಂದು, ಕೋ-ಪೈಲಟ್ ಮುಂದೆ ಒಂದು, ನಡುವೆ ಇಬ್ಬರಿಗೂ ಕಾಣುವಂತೆ ಹೆಚ್ಚುವರಿ ಒಂದು. ಮೂರನ್ನೂ ಹೋಲಿಸಿ ನೋಡಿದ್ದರೆ ಯಾವುದು ಸುಳ್ಳು ಅಂತ ತಿಳಿಯುತ್ತಿತ್ತು. ದನಿ ದಾಖಲೆಯಲ್ಲಿ ಕ್ಯಾಪ್ಟನ್ ತನ್ನ ಉಪಕರಣಕ್ಕೆ ಏನಾಯಿತು ಅಂದದ್ದು ಕೇಳುತ್ತದೆ. ಕೋ-ಪೈಲಟ್ ತನ್ನದೂ ಕೆಟ್ಟಿದೆ ಅನ್ನುವ ಅರ್ಥದ ಮಾತಾಡುತ್ತಾರೆ. ಹಿಂದೆ ಕೂತ ಫ್ಲೈಟ್ ಎಂಜಿನಿಯರ್ ಬೇರೆಯದನ್ನು ನೋಡಿ ಅಂತ ಹೇಳಲು ಹೊರಟಂತಿದೆ. ಅಷ್ಟರಲ್ಲಿ ಮುಗಿಯಿತು. ಅವರಿದ್ದ ಎತ್ತರ ಸುಮಾರು 2 ಸಾವಿರ ಅಡಿ. ಅಷ್ಟು ಎತ್ತರದಿಂದ ಮೂಗು ಕೆಳಗಾದ ಜಂಬೋ ಜೆಟ್‌ಗೆ ನೀರು ಮುಟ್ಟಲು ಎಷ್ಟು ಹೊತ್ತು ಬೇಕು? ತನಿಖೆ ಎರಡನ್ನೂ ಹೇಳಿತು: ಉಪಕರಣ ಕೆಟ್ಟಿತು, ಆಮೇಲೆ ವಿಮಾನದ ಭಂಗಿ ತಿಳಿಯದೆ ಕ್ಯಾಪ್ಟನ್ ತಪ್ಪು ದಿಕ್ಕಿಗೆ ತಿರುಗಿಸಿದರು, ಉಳಿದ ಉಪಕರಣ ನೋಡಿ ಯಾರೂ ಸರಿಮಾಡಿಕೊಳ್ಳಲಿಲ್ಲ. ಓದುವಾಗ ಅದು ಎರಡು ಸಾಲು. ಅವರಿಗೆ ಸಿಕ್ಕಿದ್ದು ಕೆಲವು ಸೆಕೆಂಡ್ ಅನ್ನುವುದನ್ನು ಆ ಸಾಲಿನ ಜೊತೆ ಇಟ್ಟೇ ಓದಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಈಗಿನ ವಿಮಾನಗಳಲ್ಲಿ ಎರಡು ಕಡೆಯ ಉಪಕರಣ ಬೇರೆ ಬೇರೆ ತೋರಿಸಿದರೆ ಕಂಪ್ಯೂಟರ್ ತಾನೇ ಪರದೆಯ ಮೇಲೆ ಬರೆದು ಹೇಳುತ್ತದೆ, ಹೋಲಿಸಿ ನೋಡಿ ಅಂತ. ಜಾಸ್ತಿ ವಾಲಿದರೆ "ಬ್ಯಾಂಕ್ ಆಂಗಲ್" ಅಂತ ದನಿ ಕೂಗುತ್ತದೆ. ಮೂರನೇ ಉಪಕರಣಕ್ಕೆ ಬೇರೆಯೇ ಕರೆಂಟ್. ಅನುಮಾನ ಬಂದರೆ ಆಟೊಪೈಲಟ್‌ಗೆ ಕೊಟ್ಟುಬಿಡು ಅಂತ ಕಲಿಸುತ್ತಾರೆ, ಅದಕ್ಕೆ ಕಿವಿಯಿಲ್ಲ. ಮಗುಚಿದ ವಿಮಾನವನ್ನು ಸರಿಮಾಡುವ ತರಬೇತಿ ಈಗ ಎಷ್ಟೋ ದೇಶಗಳಲ್ಲಿ ಏರ್‌ಲೈನ್ ಪೈಲಟ್‌ಗಳಿಗೆ ಕಡ್ಡಾಯ. ನಮ್ಮ ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಅಲ್ಲಿ ಪೈಲಟ್‌ಗಳನ್ನು ಯಂತ್ರದಲ್ಲಿ ಕೂರಿಸಿ ಬೇಕೆಂದೇ ದಿಕ್ಕು ತಪ್ಪಿಸುತ್ತಾರೆ. ಬರೀ ಪಾಠದಿಂದ ಇದು ತಲೆಗೆ ಹೋಗುವುದಿಲ್ಲ, ಟವೆಲ್ ಬಿಚ್ಚಿದ ಮೇಲೆ ನಮ್ಮ ಹುಡುಗಿಗೆ ಆದ ಹಾಗೆ ಒಂದು ಸಲ ಮೈಗೇ ಆಗಬೇಕು.

ಈ ತರಬೇತಿಯಿಂದ ಭ್ರಮೆ ಹೋಗುವುದಿಲ್ಲ. ಇದು ಎಲ್ಲರೂ ತಿಳಿದಿರಬೇಕಾದದ್ದು. 30 ವರ್ಷ ಹಾರಿದವರ ಕಿವಿಯ ದ್ರವವೂ ಅದೇ ಹತ್ತಿಪ್ಪತ್ತು ಸೆಕೆಂಡಿಗೆ ಜೊತೆಗೆ ಸುತ್ತತೊಡಗುತ್ತದೆ, ಹರಳು ಅದೇ ರೀತಿ ಜಾರುತ್ತವೆ. ಅವರು ಕಲಿಯುವುದು ಭ್ರಮೆ ಬಾರದ ಹಾಗೆ ಮಾಡಿಕೊಳ್ಳುವುದನ್ನಲ್ಲ. ವಿಮಾನ ಮಗುಚಿಕೊಳ್ಳುತ್ತಿದೆ ಅಂತ ಇಡೀ ಮೈ ಕೂಗುತ್ತಿರುವಾಗಲೂ, ಮೂರು ಮೀಟರ್ ಒಂದೇ ಹೇಳುತ್ತಿದ್ದರೆ, ಕೈಯನ್ನು ಸುಮ್ನೆ ಇಟ್ಟುಕೊಂಡು ಕೂರುವುದನ್ನು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗಿ ಬಟ್ಟಲಿನ ಅರಿಶಿನದ ನೀರು ತಿರುಗಿಸುತ್ತಾ ಕೂತಿದ್ದಳು. ದುಬೈನಲ್ಲಿರುವ ಅವಳ ಅಪ್ಪ ಬರುವ ತಿಂಗಳು ರಜೆಗೆ ಬರುತ್ತಾರೆ, ಹೈದರಾಬಾದ್‌ಗೆ ರಾತ್ರಿ ವಿಮಾನ. "ಅಪ್ಪಗ ಹೇಳ್ತೀನಿ, ವಿಮಾನ ತಿರಗೂ ಮುಂದ ಲೋಟದಾಗಿನ ನೀರ್ ನೋಡಂತ" ಅಂದಳು. ಬಟ್ಟಲನ್ನು ಹಿಡಿದು ನಿಲ್ಲಿಸಿ, ಅರಿಶಿನ ಪೂರಾ ನಿಲ್ಲುವವರೆಗೆ ನೋಡಿದಳು.